ಮಾಸ್ಟೊಡಾನ್ ಓದಲು ಯಾವ ಆ್ಯಪ್? ಆಂಡ್ರಾಯ್ಡ್‌ನಲ್ಲಾದರೆ ಟಸ್ಕಿ

ಮಾಸ್ಟೊಡಾನ್ ಎಂದರೆ ಒಂದೇ ಕಂಪನಿಯ ಕೈಯಲ್ಲಿರದೆ, ಬೇರೆ ಬೇರೆಯವರು ನಡೆಸುವ ಅನೇಕ ಸರ್ವರ್‌ಗಳು ಸೇರಿ ಆದ ಸಾಮಾಜಿಕ ಜಾಲತಾಣ. ನಿಮ್ಮ ಖಾತೆ ಇರುವುದು ಅಂಥ ಒಂದು ಸರ್ವರ್‌ನಲ್ಲಿ, ಆ್ಯಪ್‌ನಲ್ಲಿ ಅಲ್ಲ. ಆದ್ದರಿಂದ ಒಂದೇ ಖಾತೆಗೆ ಎರಡು ಮೂರು ಆ್ಯಪ್ ಹಾಕಿಕೊಂಡು, ಒಂದು ವಾರ ಓದಿ ನೋಡಿ, ಒಗ್ಗದ್ದನ್ನು ತೆಗೆದುಹಾಕಬಹುದು. ಫಾಲೋವರ್‌ಗಳು, ಹಾಕಿದ ಪೋಸ್ಟ್‌ಗಳು, ಬುಕ್‌ಮಾರ್ಕ್‌ಗಳು ಯಾವುದೂ ಹೋಗುವುದಿಲ್ಲ. ಲಾಗಿನ್ ಕ್ರಮ ಎಲ್ಲದರಲ್ಲೂ ಒಂದೇ: ಆ್ಯಪ್ ನಿಮ್ಮ ಸರ್ವರ್‌ನ ವಿಳಾಸ ಕೇಳುತ್ತದೆ, ಬ್ರೌಸರ್‌ನಲ್ಲಿ ಸರ್ವರ್‌ನದೇ ಪುಟ ತೆರೆಯುತ್ತದೆ, ಪಾಸ್‌ವರ್ಡ್ ಕೊಡುವುದು ಅಲ್ಲಿ. ಯಾವುದಾದರೂ ಆ್ಯಪ್ ತನ್ನದೇ ಪೆಟ್ಟಿಗೆಯಲ್ಲಿ ಪಾಸ್‌ವರ್ಡ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಹೊಸಬರು ಸಾಮಾನ್ಯವಾಗಿ ಮೊದಲು ಹಾಕಿಕೊಳ್ಳುವುದು ಅಧಿಕೃತ ಆ್ಯಪ್. ಐಫೋನ್‌ಗೆ 2021ರಲ್ಲಿ, ಆಂಡ್ರಾಯ್ಡ್‌ಗೆ 2022ರಲ್ಲಿ ಬಂತು. ನೋಡಲು ಚೆನ್ನಾಗಿದೆ, ಖಾತೆ ತೆರೆಯುವುದು ಸಲೀಸು, ನೋಟಿಫಿಕೇಶನ್ ಕೂಡಲೇ ಬರುತ್ತದೆ. ಆದರೆ ಬೇರೆ ಸರ್ವರ್‌ಗಳ ಸಾರ್ವಜನಿಕ ಪೋಸ್ಟ್‌ಗಳು ಹರಿದು ಬರುವ ಫೆಡರೇಟೆಡ್ ಟೈಮ್‌ಲೈನನ್ನು ಅದು ಕೊಡಲಿಲ್ಲ. ಕನ್ನಡದವರು ಹತ್ತಾರು ಸರ್ವರ್‌ಗಳಲ್ಲಿ ಚದುರಿಹೋಗಿರುವಾಗ ಇದು ಸಣ್ಣ ಕೊರತೆಯಲ್ಲ. ಅದೇ ಆ್ಯಪ್‌ನ ಆಂಡ್ರಾಯ್ಡ್ ಕೋಡ್‌ನಿಂದ ಕವಲೊಡೆದ ಮೆಗಲೊಡಾನ್ ಈ ಕೊರತೆಯನ್ನು ತುಂಬಿತು. ಅಧಿಕೃತ ಆ್ಯಪ್‌ನ ರೂಪ ಹಿಡಿಸಿದವರು ಅದನ್ನು ನೋಡಬಹುದು.

ಆಂಡ್ರಾಯ್ಡ್‌ನಲ್ಲಿ ದಿನನಿತ್ಯದ ಓದಿಗೆ ನಾವು ಹೇಳುವುದು ಟಸ್ಕಿ. 2017ರಿಂದ ಇದೆ, ಉಚಿತ, ಮುಕ್ತ ತಂತ್ರಾಂಶ. ಪ್ಲೇ ಸ್ಟೋರ್‌ನಲ್ಲೂ ಮುಕ್ತ ತಂತ್ರಾಂಶಗಳ ಆ್ಯಪ್ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ಇದರ ದೊಡ್ಡ ಗುಣ ಟ್ಯಾಬ್‌ಗಳು. ಸೆಟ್ಟಿಂಗ್‌ಗೆ ಹೋಗಿ ಹೋಮ್, ನೋಟಿಫಿಕೇಶನ್ ಪಕ್ಕದಲ್ಲೇ ಫೆಡರೇಟೆಡ್, ಒಂದು ಲಿಸ್ಟ್, ಒಂದು ಹ್ಯಾಶ್‌ಟ್ಯಾಗ್ ಹೀಗೆ ಬೇಕಾದ್ದನ್ನು ಜೋಡಿಸಿಕೊಳ್ಳಬಹುದು. ‘ಕನ್ನಡ’ ಎಂಬ ಹ್ಯಾಶ್‌ಟ್ಯಾಗನ್ನು ಟ್ಯಾಬ್ ಮಾಡಿಟ್ಟುಕೊಂಡರೆ ಯಾರನ್ನು ಫಾಲೋ ಮಾಡುವುದೆಂದು ತಡಕಾಡಬೇಕಿಲ್ಲ. ಒಂದು ಎಚ್ಚರಿಕೆ: ಹ್ಯಾಶ್‌ಟ್ಯಾಗ್‌ನಲ್ಲಿ ‘ಸಾಫ್ಟ್‌ವೇರ್’ ತರಹದ ಪದ ಬರೆಯುವಾಗ ಒತ್ತು ಕೂಡದಂತೆ ತಡೆಯುವ ಕಾಣದ ಅಕ್ಷರವೊಂದು ನಡುವೆ ಸೇರಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಬಿಟ್ಟು ಬರೆದರೆ ಅವು ಎರಡು ಬೇರೆ ಟ್ಯಾಗ್‌ಗಳಾಗಿಬಿಡಬಹುದು. ಹ್ಯಾಶ್‌ಟ್ಯಾಗ್‌ಗೆ ಅಂಥ ಪದ ಬೇಡ.

ಓದಿದ ಜಾಗವನ್ನು ಟಸ್ಕಿ ನೆನಪಿಟ್ಟುಕೊಳ್ಳುತ್ತದೆ. ರಾತ್ರಿ ಮುಚ್ಚಿ ಬೆಳಿಗ್ಗೆ ತೆರೆದರೆ ಬಿಟ್ಟಲ್ಲೇ ಇರುತ್ತೀರಿ. ನಡುವೆ ತಪ್ಪಿದ ಪೋಸ್ಟ್‌ಗಳ ಜಾಗದಲ್ಲಿ ‘ಲೋಡ್ ಮೋರ್’ ಎಂಬ ಪಟ್ಟಿ ಕಾಣುತ್ತದೆ. ಅದನ್ನು ಒತ್ತಿದಾಗ ಓದು ಎಲ್ಲೋ ಮೇಲೆ ಹಾರಿಹೋದಂತೆ ಅನಿಸಿದರೆ, ಸೆಟ್ಟಿಂಗ್‌ನಲ್ಲಿ ಓದುವ ಕ್ರಮವನ್ನು ‘ಹಳೆಯದು ಮೊದಲು’ ಎಂದು ಬದಲಿಸಿ. ಆಮೇಲೆ ಕೆಳಗಿನಿಂದ ಮೇಲಕ್ಕೆ, ನಡೆದ ಕ್ರಮದಲ್ಲೇ ಓದಿಕೊಂಡು ಹೋಗಬಹುದು. ನೆಟ್‌ವರ್ಕ್ ಕೈಕೊಟ್ಟು ಪೋಸ್ಟ್ ಹೋಗದಿದ್ದರೂ ಬರೆದದ್ದು ಡ್ರಾಫ್ಟ್‌ನಲ್ಲಿ ಉಳಿಯುತ್ತದೆ.

ಟಸ್ಕಿಯ ದೌರ್ಬಲ್ಯ ನೋಟಿಫಿಕೇಶನ್. ಸೂಚನೆಯನ್ನು ಕೂಡಲೇ ಫೋನಿಗೆ ತಲುಪಿಸುವ ಗೂಗಲ್‌ನ ಪುಶ್ ಸೇವೆಯನ್ನು ಅದು ಬಳಸುವುದಿಲ್ಲ. ಆಗಾಗ ತಾನೇ ಸರ್ವರ್‌ಗೆ ಹೋಗಿ ಕೇಳುತ್ತದೆ. ಹಿನ್ನೆಲೆಯಲ್ಲಿ ಹೀಗೆ ಮತ್ತೆ ಮತ್ತೆ ನಡೆಯುವ ಕೆಲಸಕ್ಕೆ ಆಂಡ್ರಾಯ್ಡ್ ಇಟ್ಟಿರುವ ಕನಿಷ್ಠ ಅಂತರವೇ 15 ನಿಮಿಷ. ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುವ ಫೋನ್‌ಗಳಲ್ಲಿ ಅದು ಗಂಟೆಗಟ್ಟಲೆ ಆಗುತ್ತದೆ. ಮೊದಲು ಫೋನಿನ ಸೆಟ್ಟಿಂಗ್‌ನಲ್ಲಿ ಟಸ್ಕಿಯ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಕೂಡಲೇ ಬರಲೇಬೇಕು ಅನ್ನುವವರು ‘ಎನ್‌ಟಿಎಫ್‌ವೈ’ ಎಂಬ ಪುಟ್ಟ ಆ್ಯಪ್ ಹಾಕಿ ಒಮ್ಮೆ ತೆರೆದಿಡಿ. ಟಸ್ಕಿ ಅದರ ಮೂಲಕ ಪುಶ್ ಪಡೆಯಬಲ್ಲದು. ಮೊದಲೇ ಸೇರಿಸಿದ್ದ ಖಾತೆಯಾದರೆ ಮತ್ತೊಮ್ಮೆ ಲಾಗಿನ್ ಆಗಲು ಕೇಳಬಹುದು.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಪೋಸ್ಟ್ ಬರೆಯುವ ಪರದೆಯ ಕೆಳಗೆ ‘ಇಎನ್’ ಎಂದು ಭಾಷೆಯ ಸಂಕೇತ ಇರುತ್ತದೆ. ಅದನ್ನು ಒತ್ತಿ ಕನ್ನಡ ಆರಿಸಿ, ಡೀಫಾಲ್ಟ್ ಭಾಷೆಯನ್ನೂ ಕನ್ನಡ ಮಾಡಿಡಿ. ಇಲ್ಲದಿದ್ದರೆ ನಿಮ್ಮ ಕನ್ನಡ ಪೋಸ್ಟ್ ಇಂಗ್ಲಿಷ್ ಎಂದು ದಾಖಲಾಗಿ, ಸಾರ್ವಜನಿಕ ಟೈಮ್‌ಲೈನ್‌ಗೆ ಕನ್ನಡದ ಜರಡಿ ಹಾಕಿಕೊಂಡವರಿಗೆ ಕಾಣದೇ ಹೋಗುತ್ತದೆ. ಮಾಸ್ಟೊಡಾನ್‌ನ 500 ಅಕ್ಷರಗಳ ಮಿತಿ ನಮ್ಮ ಲಿಪಿಗೆ ಉದಾರವಾಗಿಯೇ ಇದೆ. ಸ್ವರಚಿಹ್ನೆಯನ್ನು ಬೇರೆ ಅಕ್ಷರವೆಂದು ಸರ್ವರ್ ಎಣಿಸುವುದಿಲ್ಲ, ‘ನೀರು’ ಎರಡೇ. ‘ಸ್ತ್ರೀ’ ಮಾತ್ರ ಮೂರಾಗುತ್ತದೆ, ಒತ್ತಕ್ಷರಗಳು ಬಿಡಿಯಾಗಿ ಎಣಿಕೆಗೆ ಬರುವುದರಿಂದ.

ಬೇಡದ ವಿಷಯ ಮರೆಮಾಡುವ ಫಿಲ್ಟರ್‌ಗಳು ಸರ್ವರ್‌ನಲ್ಲೇ ಉಳಿಯುತ್ತವೆ, ಒಂದು ಕಡೆ ಮಾಡಿದರೆ ಅವನ್ನು ಪಾಲಿಸುವ ಎಲ್ಲ ಆ್ಯಪ್‌ಗೂ ಅನ್ವಯ. ಆದರೆ ‘ಹೋಲ್ ವರ್ಡ್’ ಎಂಬಲ್ಲಿ ಟಿಕ್ ಇದ್ದರೆ ಕನ್ನಡದಲ್ಲಿ ಫಿಲ್ಟರ್ ಕೆಲಸಕ್ಕೆ ಬಾರದು. ‘ಚುನಾವಣೆ’ ಎಂದು ಹಾಕಿದರೆ ‘ಚುನಾವಣೆಯಲ್ಲಿ’, ‘ಚುನಾವಣೆಗೆ’ ಎಲ್ಲವೂ ನುಸುಳಿ ಬರುತ್ತವೆ. ನಮ್ಮ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದಲ್ಲ! ಟಿಕ್ ತೆಗೆಯಿರಿ. ‘ಕ್ರಿಕೆಟ್’ ತರಹದ ಪದಕ್ಕೆ ಕೊನೆಯ ಅರ್ಧಾಕ್ಷರವನ್ನು ಪೂರ್ಣಾಕ್ಷರ ಮಾಡಿ ‘ಕ್ರಿಕೆಟ’ ಎಂದು ಹಾಕಿ. ಆಗ ‘ಕ್ರಿಕೆಟ್’, ‘ಕ್ರಿಕೆಟಿಗ’, ‘ಕ್ರಿಕೆಟಿನಲ್ಲಿ’ ಮೂರೂ ಸಿಕ್ಕಿಬೀಳುತ್ತವೆ.

ದಿನಕ್ಕೆ ಒಂದೇ ಸಲ ಕೂತು ಓದುವವರಿಗೆ ಟಸ್ಕಿಗಿಂತ ಫ್ಯಾನ್‌ಪಿ ಮೇಲು. ಇದು ಬ್ರೌಸರ್‌ನಲ್ಲಿ ನಡೆಯುವ ಆ್ಯಪ್. ‘ಆ್ಯಡ್ ಟು ಹೋಮ್ ಸ್ಕ್ರೀನ್’ ಕೊಟ್ಟರೆ ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಕೂರುತ್ತದೆ. ಬೂಸ್ಟ್‌ಗಳನ್ನು, ಅಂದರೆ ಮರುಹಂಚಿಕೊಂಡ ಬೇರೆಯವರ ಪೋಸ್ಟ್‌ಗಳನ್ನು, ಅಡ್ಡಸಾಲಿನಲ್ಲಿ ಒಟ್ಟುಗೂಡಿಸಿ ತೋರಿಸುವುದರಿಂದ ಸ್ನೇಹಿತರ ಸ್ವಂತ ಬರಹ ಮುಳುಗಿಹೋಗುವುದಿಲ್ಲ. ‘ಕ್ಯಾಚ್-ಅಪ್’ ತೆರೆದು ಎಷ್ಟು ಗಂಟೆಯ ಪೋಸ್ಟ್ ಬೇಕೆಂದು ಹೇಳಿದರೆ ಅಷ್ಟನ್ನೂ ತಂದು, ಬರೆದವರ ಪ್ರಕಾರವೋ ಉತ್ತರಗಳ ಸಂಖ್ಯೆಯ ಪ್ರಕಾರವೋ ಜೋಡಿಸುತ್ತದೆ. ಹೋಮ್ ಟೈಮ್‌ಲೈನ್‌ನಿಂದ ಸುಮಾರು 800 ಪೋಸ್ಟ್ ಮಾತ್ರ ಸಿಗುತ್ತವೆ, ಅದು ಮಾಸ್ಟೊಡಾನ್‌ನದೇ ಮಿತಿ. ಬ್ರೌಸರ್‌ನ ಡೇಟಾ ಅಳಿಸಿದರೆ ಲಾಗಿನ್ ಜೊತೆ ಕಳಿಸದೆ ಉಳಿದ ಡ್ರಾಫ್ಟ್‌ಗಳೂ ಹೋಗುತ್ತವೆ ಎಂಬುದು ನೆನಪಿರಲಿ.

ಐಫೋನ್‌ನವರು ಹಣ ಕೊಡಲು ತಯಾರಿದ್ದರೆ ಐವರಿ ನೋಡಿ. ಟ್ವಿಟರ್‌ಗೆ ಟ್ವೀಟ್‌ಬಾಟ್ ಎಂಬ ಆ್ಯಪ್ ಮಾಡಿದ್ದ ಟ್ಯಾಪ್‌ಬಾಟ್ಸ್‌ನವರು 2023ರ ಜನವರಿಯಲ್ಲಿ ತಂದದ್ದು. ಓದಿದ ಜಾಗವನ್ನು ಐಕ್ಲೌಡ್ ಮೂಲಕ ಫೋನ್, ಮ್ಯಾಕ್ ಎರಡರಲ್ಲೂ ಸರಿದೂಗಿಸುತ್ತದೆ. ಚಂದಾ ಬೇಡವೆಂದರೆ ಐಸ್ ಕ್ಯೂಬ್ಸ್ ಸಾಕು.

ಒಂದು ಪೋಸ್ಟ್‌ಗೆ 20 ಉತ್ತರ ಇರಬೇಕಾದಲ್ಲಿ 5 ಮಾತ್ರ ಕಂಡರೆ ಆ್ಯಪ್ ಬದಲಿಸಬೇಡಿ, ತಪ್ಪು ಅದರದ್ದಲ್ಲ. ನಿಮ್ಮ ಸರ್ವರ್‌ಗೆ ತಲುಪಿದ ಉತ್ತರಗಳನ್ನಷ್ಟೇ ಅದು ತೋರಿಸಬಲ್ಲದು. ಹಳೆಯ ಆವೃತ್ತಿಯ ಸರ್ವರ್‌ನಲ್ಲಿ ಇದು ಹೆಚ್ಚು. ‘ಬ್ರೌಸರ್‌ನಲ್ಲಿ ತೆರೆ’ ಒತ್ತಿ ಮೂಲ ಸರ್ವರ್‌ಗೆ ಹೋದರೆ ಮಾತುಕತೆ ಪೂರ್ತಿ ಸಿಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಬೇಡದ ಆ್ಯಪನ್ನು ಫೋನಿನಿಂದ ಅಳಿಸಿದರಷ್ಟೇ ಸಾಲದು, ಅದಕ್ಕೆ ಕೊಟ್ಟ ಅನುಮತಿ ಸರ್ವರ್‌ನಲ್ಲಿ ಉಳಿದಿರುತ್ತದೆ. ಬ್ರೌಸರ್‌ನಲ್ಲಿ ಲಾಗಿನ್ ಆಗಿ, ಪ್ರಿಫರೆನ್ಸಸ್ ಒಳಗೆ ಖಾತೆಯ ವಿಭಾಗದಲ್ಲಿ ‘ಆಥರೈಸ್ಡ್ ಆ್ಯಪ್ಸ್’ ತೆರೆದು, ಆ ಹೆಸರಿನ ಮುಂದಿರುವ ‘ರಿವೋಕ್’ ಒತ್ತಿ.