ಮುನಿರಾಬಾದ್ ಬಳಿಯ ಮೀನಿನ ಖಾನಾವಳಿ: ಡ್ಯಾಮಿನ ನೀರಿನ ಜೊತೆ ಏರಿಳಿಯುವ ಊಟ

ಕೊಪ್ಪಳ ಜಿಲ್ಲೆಯ ಹುಲಿಗಿಯಿಂದ ಮುನಿರಾಬಾದಿಗೆ ಹೋಗುವ ದಾರಿಯಲ್ಲಿ, ತಗಡಿನ ಚಪ್ಪರದ ಕೆಳಗೆ ಆರು ಬೆಂಚು ಹಾಕಿಕೊಂಡು ಗಂಡ ಹೆಂಡತಿ ಇಬ್ಬರೇ ನಡೆಸುವ ಮೀನಿನ ಖಾನಾವಳಿಯೊಂದಿದೆ. ಅದಕ್ಕೆ ಹೆಸರಿನ ಫಲಕವಿಲ್ಲ. ಅದರ ಬದಲು ಬಾಗಿಲ ಪಕ್ಕದಲ್ಲಿ ಒಂದು ಕರಿಹಲಗೆ ತೂಗುತ್ತಿರುತ್ತದೆ. ಅದರ ಮೇಲಿನ ಸಾಲಿನಲ್ಲಿ ಅಂದಿನ ತುಂಗಭದ್ರಾ ಜಲಾಶಯದ ಮಟ್ಟವನ್ನು ಅಡಿಗಳಲ್ಲಿ ಬರೆದಿರುತ್ತಾರೆ. ಕೆಳಗೆ ಅಂದು ಯಾವ ಮೀನು ಇದೆ, ಅದು ಹಿನ್ನೀರಿನದೋ ಕೆರೆಯದೋ ಹೊಂಡದಲ್ಲಿ ಸಾಕಿದ್ದೋ ಎಂಬುದನ್ನು ಬರೆದಿರುತ್ತಾರೆ. ಕಳೆದ ಎರಡು ವರ್ಷಗಳಲ್ಲಿ ಬೇರೆ ಬೇರೆ ಕಾಲಗಳಲ್ಲಿ ಐದು ಸಲ ಅಲ್ಲಿ ಊಟ ಮಾಡಿದ್ದೇನೆ. ಆ ಹಲಗೆಯ ಮೇಲಿನ ಅಂಕಿಗೂ ತಟ್ಟೆಯಲ್ಲಿ ಬಂದ ಮೀನಿಗೂ ಇರುವ ಸಂಬಂಧವನ್ನು ಕಣ್ಣಾರೆ ಕಂಡ ಮೇಲೆ, ಈ ಖಾನಾವಳಿಯ ಬಗ್ಗೆ ರುಚಿ ಮತ್ತು ಬೆಲೆಯನ್ನಷ್ಟೇ ಹೇಳಿ ಮುಗಿಸುವುದು ಸರಿಯಲ್ಲ ಎನಿಸಿತು.

ನಮ್ಮ ಮನೆಯವರು ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ಬೆಳೆಯುವವರು. ಡ್ಯಾಮಿಗೆ ಎಷ್ಟು ಒಳಹರಿವು, ಎಷ್ಟು ಟಿಎಂಸಿ ಸಂಗ್ರಹ, ಪೂರ್ತಿ ತುಂಬಿದ ಮಟ್ಟವಾದ 1633 ಅಡಿ ಮುಟ್ಟಿತೋ ಇಲ್ಲವೋ ಎಂದು ಮಳೆಗಾಲವಿಡೀ ಪತ್ರಿಕೆಯ ಮೂಲೆ ನೋಡುವುದು ನಮಗೆ ರೂಢಿ. ತುಂಬಿದರೆ ಎರಡು ಬೆಳೆ, ತುಂಬದಿದ್ದರೆ ಒಂದೇ ಬೆಳೆ ಎಂಬಲ್ಲಿಗೆ ನಮ್ಮ ಲೆಕ್ಕ ನಿಲ್ಲುತ್ತದೆ. ಅದೇ ಅಂಕಿಯನ್ನು ಮೀನು ಹಿಡಿಯುವವರು ಬೇರೆಯೇ ರೀತಿಯಲ್ಲಿ ಓದುತ್ತಾರೆ ಎಂಬುದು ನನಗೆ ಗೊತ್ತಾದದ್ದು ಈ ಖಾನಾವಳಿಯ ಬೆಂಚಿನ ಮೇಲೆ. ಅವರಿಗೆ ನೀರು ಎಷ್ಟಿದೆ ಎನ್ನುವುದಕ್ಕಿಂತ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ, ಯಾವ ತಿಂಗಳಲ್ಲಿ, ಎಷ್ಟು ವೇಗದಲ್ಲಿ ಎನ್ನುವುದು ಮುಖ್ಯ.

ಮೊದಲ ಸಲ ಹೋದದ್ದು 2024ರ ಜೂನ್‌ನಲ್ಲಿ, ಮೃಗಶಿರಾ ಮಳೆ ಕೂಡಿದ ದಿನ. ನಮ್ಮ ಕಡೆ ಅಂದು ಮೀನು ತಿನ್ನುವ ವಾಡಿಕೆ ಇರುವುದರಿಂದ ಮೀನಿನ ಅಂಗಡಿಗಳ ಮುಂದೆ ಬೆಳಗಿನಿಂದಲೇ ಜನ ನೆರೆದಿರುತ್ತಾರೆ. ಹಿಂದಿನ ವರ್ಷ ಬರಗಾಲ. ಡ್ಯಾಮು ತಳ ಕಂಡಿತ್ತು. ಹಲಗೆಯ ಮೇಲಿನ ಅಂಕಿ 1580 ಅಡಿಯ ಆಸುಪಾಸಿನಲ್ಲಿತ್ತು. ನೀರು ಅಷ್ಟು ಇಳಿದಾಗ ಮೈಲಿಗಟ್ಟಲೆ ಹರಡಿಕೊಂಡಿದ್ದ ಮೀನೆಲ್ಲ ಹಳೆಯ ಹೊಳೆಯ ಪಾತ್ರದಲ್ಲಿ ಉಳಿದ ನೀರಿಗೆ ಬಂದು ಸೇರುತ್ತದೆ. ಬಲೆ ಹಾಕಿದವರಿಗೆ ಬಂಪರ್ ಸಿಗುತ್ತದೆ, ಬೆಲೆ ಬೀಳುತ್ತದೆ, ತಿನ್ನುವವರಿಗೂ ಸಂತೋಷವಾಗುತ್ತದೆ. ಹಾಗಾಗಿ ಅಂದು ಹಿನ್ನೀರಿನ ದೊಡ್ಡ ಕಾಟ್ಲಾ ಸಿಗಬಹುದೆಂದು ನಾನು ಎದುರು ನೋಡಿದ್ದೆ. ಹಲಗೆಯ ಮೇಲೆ ಇದ್ದದ್ದು ‘ಜಿಲೇಬಿ, ಕೆರೆಯದು’ ಮತ್ತು ‘ರೋಹು, ಹೊಂಡದ್ದು’ ಎಂಬ ಎರಡೇ ಸಾಲು. ಜಿಲೇಬಿ ಎಂದರೆ ತಿಲಾಪಿಯಾ ಮೀನು.

ಕಾರಣ ಕೇಳಿದಾಗ ಒಡತಿ ಒಳಗಿನಿಂದ ಒಂದು ಮೀನು ತಂದು ತೋರಿಸಿದರು. ಯಾರೋ ಬೆಳಿಗ್ಗೆ ಮಾರಲು ತಂದು, ಮನೆಗಾದರೂ ಇರಲೆಂದು ಕೊಟ್ಟು ಹೋಗಿದ್ದ ಮೃಗಾಲ್ ಅದು. ಹೊಟ್ಟೆ ಸೀಳಿದಾಗ ಎರಡೂ ಪಕ್ಕದಲ್ಲಿ, ಕರುಳನ್ನು ಮೂಲೆಗೆ ಒತ್ತರಿಸಿ, ಸಾಸಿವೆ ಕಾಳಿನಂಥ ತತ್ತಿಗಳ ಎರಡು ಚೀಲಗಳು ತುಂಬಿಕೊಂಡಿದ್ದವು. “ನೋಡ್ರೀ ಸರ್ರ, ಹೊಟ್ಟಿ ತುಂಬ ತತ್ತಿನ ಅದಾವ. ಇನ್ನೊಂದು ತಿಂಗಳ ಬಿಟ್ರ ಹೊಸ ನೀರಿಗೆ ಮ್ಯಾಲ ಹತ್ತಿ ಹಾಕ್ತಿದ್ವು. ಇವನ್ನ ಕೊಯ್ಕೊಂತ ಕುಂತ್ರ ಮುಂದ ಏನ್ ಮಾರೂದು?” ಎಂದರು. ಇಂಥ ಒಂದು ಮೀನು ತನ್ನ ಮೈತೂಕದ ಕಿಲೋ ಒಂದಕ್ಕೆ ಲಕ್ಷ ಮೀರಿ ತತ್ತಿ ಇಡಬಲ್ಲದು. ಬೇಸಿಗೆಯ ಕೊನೆಯಲ್ಲಿ ನೀರು ತಳ ಸೇರಿದಾಗ ಬಲೆಗೆ ಸುಲಭವಾಗಿ ಸಿಗುವ ದೊಡ್ಡ ಮೀನುಗಳೇ ಜುಲೈಯಲ್ಲಿ ಸಂತಾನ ಇಡಬೇಕಾದ ಮೀನುಗಳು ಎಂಬುದನ್ನು ಆ ತತ್ತಿಯ ಚೀಲ ನೋಡುವವರೆಗೆ ನಾನು ಯೋಚಿಸಿರಲಿಲ್ಲ. ಜಿಲೇಬಿಯ ವಿಷಯ ಬೇರೆ. ಅದು ವರ್ಷದಲ್ಲಿ ಹಲವು ಸಲ ಮರಿ ಮಾಡುವುದರಿಂದ ಜೂನ್‌ನಲ್ಲಿ ಅದನ್ನು ತಿಂದರೆ ಅಷ್ಟು ನಷ್ಟವಿಲ್ಲ. ಮುಳ್ಳು ತೆಗೆಯುವ ತಾಳ್ಮೆ ಬೇಕು, ಅಷ್ಟೇ. ಹುಣಸೆಯ ಹುಳಿ, ಬೆಳ್ಳುಳ್ಳಿ, ಹುರಿದ ಕೊಬ್ಬರಿ ಹಾಕಿದ ಆ ಸಾರು, ಬಿಸಿ ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ ಸೇರಿ ಅಂದಿನ ಊಟ ಚೆನ್ನಾಗಿತ್ತು. ಮೃಗಶಿರಾ ದಿನದ ವ್ಯಾಪಾರವನ್ನು ಕೈಬಿಟ್ಟು ಹಿನ್ನೀರಿನ ಮೀನು ಬೇಡ ಎನ್ನುವ ಅಂಗಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ನಿಂತ ನೀರಿನಲ್ಲಿ ಬೆಳೆಯುತ್ತವೆಯೇ ಹೊರತು ನಿಂತ ನೀರಿನಲ್ಲಿ ತತ್ತಿ ಇಡುವುದಿಲ್ಲ. ಮಳೆಗಾಲದ ಮೊದಲ ಕೆಂಪು ನೀರು ಹರಿದು ಬಂದಾಗ ಅವು ಹರಿವಿಗೆ ಎದುರಾಗಿ ಈಜುತ್ತ ಹೊಳೆ ಜಲಾಶಯಕ್ಕೆ ಸೇರುವ ಕಡೆಗೆ ಹೋಗುತ್ತವೆ, ಮತ್ತು ನೀರು ದಡ ಮೀರಿ ಹುಲ್ಲುಗಾವಲಿನ ಮೇಲೆ ತೆಳುವಾಗಿ ಹರಡುವ ಜಾಗದಲ್ಲಿ ತತ್ತಿ ಬಿಡುತ್ತವೆ. ಆ ತತ್ತಿ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ. ನೀರಿನಲ್ಲಿ ತೇಲಾಡುತ್ತಲೇ 15ರಿಂದ 20 ಗಂಟೆಯೊಳಗೆ ಒಡೆದು ಮರಿಯಾಗುತ್ತದೆ. ಹೊಸದಾಗಿ ಮುಳುಗಿದ ನೆಲದ ಹುಲ್ಲು, ಸಗಣಿ, ಕಸಕಡ್ಡಿ ಕೊಳೆತು ಹುಟ್ಟುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳೇ ಆ ಮರಿಗಳಿಗೆ ಮೊದಲ ಆಹಾರ. ಆದ್ದರಿಂದ ನೀರು ಸಮಯಕ್ಕೆ ಏರಿ, ಕೆಲವು ವಾರ ದಂಡೆಯ ಮೇಲೆ ನಿಂತು, ಆಮೇಲೆ ನಿಧಾನವಾಗಿ ಇಳಿದ ವರ್ಷ ಮೀನಿನ ಸುಗ್ಗಿಗೆ ಬೀಜ ಬಿದ್ದಂತೆ. ಏರಿದ ನೀರು ಒಮ್ಮೆಲೇ ಇಳಿದರೆ ಮರಿಗಳು ಹುಲ್ಲಿನ ನಡುವಿನ ಗುಂಡಿಗಳಲ್ಲಿ ಸಿಕ್ಕಿ ಬೀಳುತ್ತವೆ, ಬೆಳ್ಳಕ್ಕಿಗಳಿಗೆ ಹಬ್ಬವಾಗುತ್ತದೆ. ಸಾಮಾನ್ಯ ಗೆಂಡೆಗೆ ಇನ್ನೂ ಕಷ್ಟ. ಅದರ ತತ್ತಿ ಅಂಚಿನ ಜೊಂಡಿಗೆ, ಪಾಚಿಗೆ ಅಂಟಿಕೊಂಡು ಎರಡು ಮೂರು ದಿನ ಇರಬೇಕಾದದ್ದು. ಅಷ್ಟರಲ್ಲಿ ನೀರು ಒಂದು ಮೊಳ ಸರಿದರೂ ತತ್ತಿ ಬಿಸಿಲಿಗೆ ಒಣಗುತ್ತದೆ. ಕೊರಮೀನು ಕೂಡ ಅಂಚಿನ ಕಳೆಯ ನಡುವೆಯೇ ಗೂಡು ಮಾಡಿ, ಗಂಡು ಹೆಣ್ಣು ಎರಡೂ ಕಾವಲು ಕಾಯುತ್ತವೆ. ತಾಯಿ ಜಿಲೇಬಿ ಮಾತ್ರ ತತ್ತಿಯನ್ನು ಬಾಯಲ್ಲಿಟ್ಟುಕೊಂಡು ನೀರಿನ ಹಿಂದೆಯೇ ಸರಿದು ಹೋಗಬಲ್ಲದು. ನೀರಿನ ಮಟ್ಟ ಅಸ್ತವ್ಯಸ್ತವಾದ ಜಲಾಶಯಗಳಲ್ಲೂ ಅದು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಎರಡನೆಯ ಭೇಟಿ ಅದೇ ವರ್ಷದ ಆಗಸ್ಟ್ ಕೊನೆಯ ವಾರದಲ್ಲಿ. ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ತುಂಬಿ ನಿಂತಿದ್ದ ಡ್ಯಾಮಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ್ದನ್ನು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ರೈತರು ಎರಡನೆಯ ಬೆಳೆಯ ಚಿಂತೆ ಮಾಡಿದರು, ಅದು ನ್ಯಾಯವೇ. ಆ ವಾರ ದಿನದಿನಕ್ಕೂ ಹಿಂದೆ ಸರಿದ ಹಿನ್ನೀರಿನ ಅಂಚಿನಲ್ಲಿ ಏನಾಯಿತು ಎಂಬುದನ್ನು ಮಾತ್ರ ಈ ಖಾನಾವಳಿಯಲ್ಲೇ ಕೇಳಿದೆ. ತೆಪ್ಪ ಹಾಕುವ ಒಬ್ಬ ಹಿರಿಯರು ಊಟಕ್ಕೆ ಕುಳಿತಿದ್ದರು, “ಕೆಸರಾಗ ಬೆರಳುದ್ದ ಮರಿ ಬಿದ್ದಿದ್ವು, ಯಪ್ಪಾ. ಕೈಯಾಗ ಬಾಚಿ ನೀರಿಗೆ ಹಾಕೀವಿ, ಎಷ್ಟಂತ ಹಾಕೂದು?” ಎಂದರು. ಅವರ ತಟ್ಟೆಯಲ್ಲಿ ಮೀನಿರಲಿಲ್ಲ, ಪುಂಡಿಪಲ್ಯ ಇತ್ತು. ಹಲಗೆಯ ಮೇಲೆ ಅಂದು ಮಟ್ಟದ ಅಂಕಿಯ ಕೆಳಗೆ ‘ಮೀನು ಇಲ್ಲ, ತತ್ತಿ ಸಾರು ಅದ’ ಎಂದು ಬರೆದಿತ್ತು. ತತ್ತಿ ಎಂದರೆ ಕೋಳಿಯದು.

ಅಂದು ಅಲ್ಲಿ ಮೀನಿಲ್ಲದಿದ್ದುದು ಕೊರತೆಯೆಂದು ನಾನು ಎಣಿಸುವುದಿಲ್ಲ. ಅದೇ ವಾರ ಹೆದ್ದಾರಿ ಬದಿಯ ಬೇರೊಂದು ಹೋಟೆಲಿನಲ್ಲಿ ‘ಡ್ಯಾಮಿನ ತಾಜಾ ಮೀನು’ ಎಂದು ಬಡಿಸಿದ್ದನ್ನು ದುಬಾರಿ ಬೆಲೆ ಕೊಟ್ಟು ತಿಂದು ಮೋಸ ಹೋಗಿದ್ದೆ. ಮಾಂಸ ಬೆರಳು ಸೋಕಿದರೆ ಹಿಟ್ಟಿನಂತೆ ಉದುರುತ್ತಿತ್ತು. ಬಹಳ ದಿನ ಐಸಿನಲ್ಲಿದ್ದ ಮೀನಿನ ಲಕ್ಷಣ ಅದು. ಪ್ರವಾಹದ ದಿನಗಳಲ್ಲಿ ನೀರು ಹರಡಿ ಮೀನು ಚದುರಿರುತ್ತದೆ, ಸೆಳೆತಕ್ಕೆ ಬಲೆ ನಿಲ್ಲುವುದಿಲ್ಲ, ನಿಂತರೂ ಕಸ ಕೊಂಬೆ ಸಿಕ್ಕಿ ಹರಿಯುತ್ತದೆ, ತೆಪ್ಪ ಇಳಿಸುವುದೇ ಜೀವಕ್ಕೆ ಅಪಾಯ. ಅಂಥ ದಿನ ಡ್ಯಾಮಿನ ದೊಡ್ಡ ಮೀನು ಧಾರಾಳವಾಗಿ ಸಿಗುತ್ತದೆ ಎನ್ನುವವರನ್ನು ಗಿರಾಕಿಗಳು ಒಂದು ಮಾತು ಕೇಳಲೇಬೇಕು.

ಈ ಖಾನಾವಳಿಯ ನಿಜವಾದ ಕೊರತೆ ಕಂಡದ್ದು ನವೆಂಬರ್‌ನಲ್ಲಿ. ಮಳೆ ನಿಂತು ನೀರು ತಿಳಿಯಾಗಿ ನಿಂತಾಗ ಹಿನ್ನೀರು ಕೆಲವೆಡೆ ಹಸಿರುಗಟ್ಟುತ್ತದೆ. ಆ ಪಾಚಿಯಿಂದ ಹುಟ್ಟುವ ಮಣ್ಣಿನ ವಾಸನೆ ಮೀನಿನ ಮಾಂಸಕ್ಕೂ ಇಳಿಯುತ್ತದೆ, ತಳದಲ್ಲಿ ಮೇಯುವ ಮೃಗಾಲ್ ಮತ್ತು ಗೆಂಡೆಯಲ್ಲಿ ಅದು ಹೆಚ್ಚು. ಅಂದು ತಿಂದ ಗೆಂಡೆಯ ಫ್ರೈ ಖಾರವಾಗಿ ಗರಿಗರಿಯಾಗಿದ್ದರೂ ಎರಡನೆಯ ತುತ್ತಿಗೆ ಮಣ್ಣು ನೆಕ್ಕಿದಂತಾಯಿತು. ಉಪ್ಪು, ಅರಿಶಿನ, ಹುಣಸೆ ಹಚ್ಚಿ ಇನ್ನೊಂದು ತಾಸು ಬಿಟ್ಟು ತೊಳೆದಿದ್ದರೆ ವಾಸನೆ ಬಹುಮಟ್ಟಿಗೆ ಹೋಗುತ್ತಿತ್ತು. ಅವಸರಕ್ಕೆ ಅದನ್ನು ಬಿಟ್ಟಿದ್ದರು. ಹೇಳಿದಾಗ ಒಡತಿ ಒಪ್ಪಿಕೊಂಡು ಫ್ರೈಯ ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ ಆ ಕಾಲದಲ್ಲಿ ಅಲ್ಲಿ ಹೋದವರು ಮೇಲ್ನೀರಿನಲ್ಲಿ ಮೇಯುವ ಕಾಟ್ಲಾ ಇದ್ದರೆ ಮಾತ್ರ ಕೇಳುವುದು ಒಳ್ಳೆಯದು.

ತೃಪ್ತಿಯ ಊಟ ಬೇಕೆಂದರೆ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹೋಗಬೇಕು. ಕಾಲುವೆಗಳಿಗೆ ನೀರು ಹರಿದು ಮಟ್ಟ ನಿಧಾನವಾಗಿ ಇಳಿಯುತ್ತಿರುತ್ತದೆ, ಮೀನು ಮೈತುಂಬಿಕೊಂಡಿರುತ್ತದೆ, ಹೊಟ್ಟೆಯಲ್ಲಿ ತತ್ತಿ ಇನ್ನೂ ಬಲಿತಿರುವುದಿಲ್ಲ. 2025ರ ಫೆಬ್ರುವರಿಯಲ್ಲಿ ತಿಂದ ಕಾಟ್ಲಾದ ತಲೆಯ ಸಾರು ನಾನು ಈ ಭಾಗದಲ್ಲಿ ತಿಂದ ಮೀನಿನ ಊಟಗಳಲ್ಲೇ ಮೇಲು. ಕಿವಿರು ಸರಿಸಿದರೆ ಒಳಗೆ ಕೆಂಪು ಇನ್ನೂ ಹಸಿಯಾಗಿದ್ದ ಮೀನನ್ನು ನನ್ನೆದುರೇ ಕೊಯ್ದರು. ಎಣ್ಣೆಯ ತೆಳು ಪದರ ಸಾರಿನ ಮೇಲೆ ನಿಂತಿತ್ತು, ಗಂಗಾವತಿಯ ಸೋನಾ ಮಸೂರಿ ಅನ್ನಕ್ಕೆ ಅದು ಹೇಳಿ ಮಾಡಿಸಿದಂತಿತ್ತು.

ಕೊನೆಯ ಸಲ ಹೋದದ್ದು 2025ರ ಮಳೆಗಾಲ ಮುಗಿದ ಮೇಲೆ. ಗೇಟುಗಳು ಹಳತಾದ ಕಾರಣ ಆ ವರ್ಷ ಸುಮಾರು 105 ಟಿಎಂಸಿಯ ಡ್ಯಾಮಿನಲ್ಲಿ 80 ಟಿಎಂಸಿ ಮಾತ್ರ ನಿಲ್ಲಿಸಬೇಕೆಂದು ತೀರ್ಮಾನವಾಗಿತ್ತು. ಮೇಲಂಚಿನ ಹುಲ್ಲುಗಾವಲಿಗೆ ನೀರು ಹತ್ತದಿದ್ದರೆ ಮೀನಿಗೆ ತತ್ತಿ ಇಡುವ ನೆಲ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಹಾಗಾಗಿ ಬಿತ್ತನೆ ಮರಿ ಬಿಡುವುದೊಂದೇ ಆಸರೆ ಎಂದು ಮಾಲೀಕರು ಹೇಳಿದರು. ಅದನ್ನೂ ಗೇಟಿನ ಮೇಲೆ ನೀರು ಹರಿಯುವುದು ನಿಂತ ಮೇಲೆ, ಮರಿ ಬೆರಳುದ್ದ ಮೀರಿದ ಮೇಲೆ ಬಿಡಬೇಕು. ಸಣ್ಣದು ಬಿಟ್ಟರೆ ಬಾಳೆ ಮೀನಿನ ಹೊಟ್ಟೆಗೆ, ಬೇಗ ಬಿಟ್ಟರೆ ಕೆಳಗಿನ ಹೊಳೆಗೆ ಹೋಗುತ್ತದೆ. ಕೆಳಗೆ ಇಳಿದ ಮೀನು ಡ್ಯಾಮು ಹತ್ತಿ ಮತ್ತೆ ಮೇಲೆ ಬರಲಾರದು.

ಅಲ್ಲಿಗೆ ಹೋಗುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಹಲಗೆಯ ಮೇಲೆ ಬೆಲೆ ಬರೆದಿರುವುದಿಲ್ಲ. ಮೀನಿನ ತೂಕ ನೋಡಿ ಹೇಳುತ್ತಾರೆ, ಆದ್ದರಿಂದ ಕುಳಿತುಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಲೇಸು. ಬೆಲೆಯನ್ನೂ ಬರೆದರೆ ಆ ಹಲಗೆ ಪೂರ್ಣವಾಗುತ್ತದೆ ಎಂದು ಎರಡು ಸಲ ಹೇಳಿದ್ದೇನೆ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಬರುವ ಜನರಿಂದ ದಾರಿ ಕಿಕ್ಕಿರಿದಿರುತ್ತದೆ. ಉಳಿದ ದಿನ ಮಧ್ಯಾಹ್ನ ಒಂದೂವರೆಯೊಳಗೆ ಹೋದರೆ ಮೀನು ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೋದವರು ಹಿನ್ನೀರಿನ ಮೀನೇ ಬೇಕೆಂದು ಅವರನ್ನು ಒತ್ತಾಯಿಸಬೇಡಿ. ಜಿಲೇಬಿ ಸಾರಿಗೆ ಎರಡು ರೊಟ್ಟಿ ಹೆಚ್ಚೇ ಹೇಳಿ.