ಅಟೆಸ್ಟೇಷನ್ ಫಾರ್ಮಿಗೊಂದು ಸಲಹೆ: ಚಾಮರಾಜಪುರಂನ ವಕೀಲರ ಕಚೇರಿಯೊಂದರ ವಿಮರ್ಶೆ

ಮೈಸೂರಿನ ಚಾಮರಾಜಪುರಂನಲ್ಲಿ, ನ್ಯಾಯಾಲಯಗಳ ಆಸುಪಾಸಿನಲ್ಲಿ ವಕೀಲರ ಕಚೇರಿಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ, ಸರ್ಕಾರಿ ಕೆಲಸಕ್ಕೆ ಆಯ್ಕೆಯಾದವರ ಪೊಲೀಸ್ ವೆರಿಫಿಕೇಷನ್ ತೊಡಕುಗಳನ್ನೇ ಮುಖ್ಯವಾಗಿ ನೋಡುವ ಒಂದು ಸಣ್ಣ ಕಚೇರಿಗೆ ನನ್ನ ಸೋದರಳಿಯನನ್ನು ಕರೆದುಕೊಂಡು ಎರಡು ಬಾರಿ ಹೋಗಿದ್ದೆ. ರತ್ನಹಳ್ಳಿಯ ಅಣುಶಕ್ತಿ ಘಟಕ, ಸಿದ್ಧಾರ್ಥನಗರದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ನೋಟು ಮುದ್ರಣಾಲಯ ಇವೆಲ್ಲ ಇರುವ ಊರಿನಲ್ಲಿ ಇಂಥ ಸಲಹೆ ಬೇಕಾದವರು ಇನ್ನೂ ಇದ್ದಾರು. ಕಚೇರಿಯ ದೋಷಗಳನ್ನೂ ಹೇಳಬೇಕಾಗಿರುವುದರಿಂದ ಹೆಸರು ಬರೆಯುತ್ತಿಲ್ಲ.

ಹುಡುಗ 2021ರಲ್ಲಿ ಮಂಡ್ಯದಲ್ಲಿ ಓದುತ್ತಿದ್ದಾಗ, ಬಾಡಿಗೆ ರೂಮಿನಲ್ಲಿ ಗೆಳೆಯರೊಂದಿಗೆ ಗಾಂಜಾ ಸೇದಿ ಪೊಲೀಸರಿಗೆ ಸಿಕ್ಕಿಬಿದ್ದಿದ್ದ. 1985ರ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತು ತಡೆ ಕಾನೂನು) 27ನೇ ಕಲಮಿನಡಿ ಗಾಂಜಾ ಸೇವನೆಗೆ 6 ತಿಂಗಳವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇವನು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಈಗ ಕೇಂದ್ರ ಸರ್ಕಾರದ ಸಂಸ್ಥೆಯೊಂದರಿಂದ, ಆಯ್ಕೆಯಾದವರ ಪೂರ್ವಾಪರ ವಿಚಾರಿಸುವ ಅಟೆಸ್ಟೇಷನ್ ಫಾರ್ಮ್ ಬಂದಾಗ, ಎಂದಾದರೂ ಬಂಧನವಾಗಿದೆಯೇ, ಮೊಕದ್ದಮೆ ನಡೆದಿದೆಯೇ, ನ್ಯಾಯಾಲಯ ದಂಡ ವಿಧಿಸಿದೆಯೇ ಎಂಬ ಪ್ರಶ್ನೆಗಳ ಮುಂದೆ ಅವನ ಕೈ ನಿಂತುಹೋಯಿತು. ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಸೆಂಟರಿನವನು, ‘ಕಟ್ಟಿದ್ದು ಸಣ್ಣ ದಂಡ, ಇಲ್ಲ ಅಂತ ಬರೀರಿ, ಯಾರು ನೋಡ್ತಾರೆ’ ಎಂದಿದ್ದನಂತೆ.

ವಕೀಲರು ಮೊದಲು ಮಾಡಿದ ಕೆಲಸವೆಂದರೆ ಆ ಫಾರ್ಮಿನ ತಲೆಭಾಗದಲ್ಲಿರುವ ಎಚ್ಚರಿಕೆಯನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದ್ದು: ಸುಳ್ಳು ಮಾಹಿತಿ ಕೊಡುವುದು ಅಥವಾ ಇದ್ದದ್ದನ್ನು ಮುಚ್ಚಿಡುವುದೇ ಅನರ್ಹತೆಗೆ ಕಾರಣವಾಗುತ್ತದೆ. ನಂತರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ತೀರ್ಪನ್ನು ಬಿಡಿಸಿ ಹೇಳಿದರು. ಕ್ಷುಲ್ಲಕ ಸ್ವರೂಪದ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಕ್ಷಮಿಸುವ ವಿವೇಚನೆ ನೇಮಕ ಮಾಡುವವರಿಗೆ ಇದೆ. ಹಾಗೆಯೇ, ಎಲ್ಲವನ್ನೂ ನಿಜವಾಗಿ ಬರೆದವನನ್ನು ಸಹ ತೆಗೆದುಕೊಳ್ಳಲೇಬೇಕೆಂಬ ಒತ್ತಾಯ ಅವರ ಮೇಲಿಲ್ಲ. ‘ನೋಡಪ್ಪ, ಬರೆದರೆ ಕೆಲಸ ಸಿಗುತ್ತೆ ಅಂತ ನಾನು ಹೇಳೋದಿಲ್ಲ. ಬರೆಯದೆ ಸಿಕ್ಕ ಕೆಲಸವನ್ನು ಹತ್ತು ವರ್ಷ ಆದ ಮೇಲೂ ಕಿತ್ತುಕೊಳ್ಳಬಹುದು’ ಎಂದರು. ಶುಲ್ಕವಾಗಿ ಕೊಟ್ಟ 1,500 ರೂಪಾಯಿ ಈ ಎರಡು ವಾಕ್ಯಗಳಿಗೇ ಸಂದಿತು ಎನ್ನುವೆ.

ಸಿಕ್ಕಿಬೀಳುವ ಮೊದಲು ಒಂದೆರಡು ಸಲ ಸೇದಿದ್ದನ್ನೂ ಬರೆಯಬೇಕೇ ಎಂದು ಹುಡುಗ ಕೇಳಿದ. ಈ ಫಾರ್ಮ್ ಕೇಳುವುದು ಬಂಧನ, ಮೊಕದ್ದಮೆ, ದಂಡಗಳನ್ನೇ ಹೊರತು ಅಭ್ಯಾಸವನ್ನಲ್ಲ. ಕೇಳಿದ್ದಕ್ಕೆ ಪೂರ್ತಿಯಾಗಿ ಉತ್ತರಿಸಬೇಕು, ಮುಂದೆ ಯಾರಾದರೂ ಎದುರಿಗೆ ಕೂರಿಸಿಕೊಂಡು ಕೇಳಿದರೆ ಅಲ್ಲಿಯೂ ಸುಳ್ಳಾಡಬಾರದು ಎಂಬುದು ಅವರ ಉತ್ತರ. ಅಮೆರಿಕದಲ್ಲಿ ಗೋಪ್ಯ ಸರ್ಕಾರಿ ಮಾಹಿತಿ ನೋಡಲು ಬೇಕಾದ ಅನುಮತಿ, ಅಂದರೆ ಸೆಕ್ಯುರಿಟಿ ಕ್ಲಿಯರೆನ್ಸ್‌ಗಾಗಿ ತುಂಬಿಸುವ ಎಸ್‌ಎಫ್-86 ನಮೂನೆ ಕಳೆದ 7 ವರ್ಷಗಳ ಮಾದಕ ವಸ್ತು ಸೇವನೆಯನ್ನು ನೇರವಾಗಿಯೇ ಕೇಳುತ್ತದೆ, ರಾಜ್ಯದ ಕಾನೂನು ಗಾಂಜಾಕ್ಕೆ ಅವಕಾಶ ಕೊಟ್ಟಿದ್ದರೂ ಅಲ್ಲಿ ಹೇಳಲೇಬೇಕು ಎಂದು ಅವರು ಮಾತಿನ ನಡುವೆ ಹೇಳಿದ್ದು ನಮ್ಮ ಕೆಲಸಕ್ಕೆ ಬೇಕಿರಲಿಲ್ಲವಾದರೂ ನನಗೆ ಕುತೂಹಲವೆನಿಸಿತು. ಈಗ ಮೂತ್ರ ಪರೀಕ್ಷೆ ಮಾಡಿಸಿ ಲಗತ್ತಿಸೋಣವೇ ಎಂದು ನಾನು ಕೇಳಿದ್ದಕ್ಕೆ, ಅದು ಕೆಲವು ದಿನಗಳ, ಹೆಚ್ಚೆಂದರೆ ಕೆಲವು ವಾರಗಳ ಹಿಂದಿನದನ್ನಷ್ಟೇ ಹೇಳಬಲ್ಲದು, 2021ರ ಬಗ್ಗೆ ಏನನ್ನೂ ಹೇಳದು, ದುಡ್ಡು ಉಳಿಸಿಕೊಳ್ಳಿ ಎಂದರು.

ಇನ್ನು ದೋಷಗಳು. ಗುಮಾಸ್ತ ಹೊರಗೆ ಬಂದು, ಹತ್ತು ಜನ ಕೂತಿದ್ದ ಪಡಸಾಲೆಯಲ್ಲಿ, ‘ಗಾಂಜಾ ಕೇಸಿನವರು ಬನ್ನಿ’ ಎಂದು ಕೂಗಿದ. ಹುಡುಗ ತಲೆ ತಗ್ಗಿಸಿಕೊಂಡು ಎದ್ದುದನ್ನು ನಾನು ಮರೆಯಲಾರೆ. ಗೋಪ್ಯತೆಯೇ ಬಂಡವಾಳವಾಗಿರುವ ಕಚೇರಿಯಲ್ಲಿ ಇದು ಅಕ್ಷಮ್ಯ. ವಕೀಲರು ಕ್ಷಮೆ ಕೇಳಿದರು, ಗುಮಾಸ್ತ ಕೇಳಲಿಲ್ಲ. ನಾವಾಗಿ ಕೇಳುವವರೆಗೂ ಶುಲ್ಕದ ರಸೀದಿ ಕೊಡಲಿಲ್ಲ. ಫಾರ್ಮಿನ ಜೊತೆಗೆ ಇಡಲು ಅವರು ಸಿದ್ಧಪಡಿಸಿದ ವಿವರಣಾ ಪತ್ರವೂ ಮೊದಲ ಕರಡಿನಲ್ಲಿ ಚೆನ್ನಾಗಿರಲಿಲ್ಲ: ಸಹವಾಸದೋಷ, ಗೆಳೆಯರ ಬಲವಂತ, ಬಡತನ ಎಂದು ಅರ್ಧ ಪುಟ ಗೋಳು. ಸೋದರಳಿಯ ಪೆನ್ನು ತೆಗೆದುಕೊಂಡು, ‘ಮಾವ, ಯಾರೂ ಬಲವಂತ ಮಾಡ್ಲಿಲ್ಲ’ ಎಂದು ಅಷ್ಟನ್ನೂ ಹೊಡೆದುಹಾಕಿದ. ಕೊನೆಗೆ ಉಳಿದದ್ದು ಪ್ರಕರಣದ ಸಂಖ್ಯೆ, ತೀರ್ಪಿನ ದಿನ, ಕಟ್ಟಿದ ದಂಡ, ಅಂದಿನಿಂದ ಮುಟ್ಟಿಲ್ಲವೆಂಬ ಒಂದು ಸಾಲು. ಎರಡನೇ ಭೇಟಿಯಲ್ಲಿ ವಕೀಲರು ಆ ಪತ್ರವನ್ನು ಒಂದಕ್ಷರವೂ ಬದಲಿಸದೆ ಒಪ್ಪಿಕೊಂಡರು, ಅದಕ್ಕೆ ಬೇರೆ ಶುಲ್ಕವನ್ನೂ ಕೇಳಲಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ; ಕಳೆದ ಒಂದೂವರೆಯಲ್ಲಿ ಒಂದು ಪೂರ್ತಿ ಆ ಗುಮಾಸ್ತನ ಲೆಕ್ಕಕ್ಕೆ. ಹೋಗುವವರು ತೀರ್ಪಿನ ದೃಢೀಕೃತ ನಕಲನ್ನು ಮೊದಲೇ ಪಡೆದಿರಬೇಕು. ನಾವು ಅದಿಲ್ಲದೆ ಹೋಗಿ, ಮಂಡ್ಯದ ನ್ಯಾಯಾಲಯಕ್ಕೆ ಅಲೆದು, ಒಂದು ವಾರ ಕಳೆದುಕೊಂಡೆವು. ಫಾರ್ಮ್ ಕಳುಹಿಸಿ ಎರಡು ತಿಂಗಳಾಯಿತು, ಠಾಣೆಯಿಂದ ಒಬ್ಬರು ಮನೆಗೆ ಬಂದು ವಿಚಾರಿಸಿಕೊಂಡು ಹೋಗಿದ್ದಾರೆ, ಸಂಸ್ಥೆಯಿಂದ ಇನ್ನೂ ಪತ್ರ ಬಂದಿಲ್ಲ.