ಚಿಕ್ಕ ಮಕ್ಕಳ ಮುಂದೆ ಆಡಿದ ಜನಪದ ನಾಟಕ: ಅಳೆಯಲು ನಾಲ್ಕು ದಾರಿ

ನಮ್ಮ ಪ್ರೌಢಶಾಲೆಯ ಎಂಟು, ಒಂಬತ್ತನೇ ತರಗತಿಯವರು ಸುತ್ತಲಿನ ಪ್ರಾಥಮಿಕ ಶಾಲೆಗಳ ಒಂದರಿಂದ ನಾಲ್ಕನೇ ತರಗತಿ ಮಕ್ಕಳಿಗಾಗಿ ಜನಪದ ಕತೆಗಳನ್ನು ನಾಟಕ ಮಾಡಿ ಆಡುತ್ತಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆ ನಮ್ಮದು. ನಮ್ಮ ಕಡೆಯ ಜನಪದ ಆಟವಾದ ಶ್ರೀಕೃಷ್ಣ ಪಾರಿಜಾತದ ಹಾಡು ಕಿವಿಗೆ ಬೀಳದ ಮನೆ ಇಲ್ಲಿ ಕಡಿಮೆ, ಆದ್ದರಿಂದ ಆಡುವ ಹುಮ್ಮಸ್ಸಿಗೆ ಬರವಿಲ್ಲ. ತೊಡಕಾಗುತ್ತಿದ್ದದ್ದು ಆಟ ಮುಗಿದ ಮೇಲೆ. ಯಾವ ತಂಡದ ನಾಟಕ ಚಲೋ ಆಯಿತು, ಏನು ತಿದ್ದಬೇಕು ಎಂದು ಹೇಳುವವರು ಯಾರು, ಹೇಗೆ? ನಾಲ್ಕು ರೀತಿ ಮಾಡಿ ನೋಡಿದ್ದೇನೆ. ನಾಲ್ಕೂ ಒಂದೇ ಉತ್ತರ ಕೊಡಲಿಲ್ಲ.

ಅಳತೆಗೆ ಸಿಕ್ಕ ನಾಟಕಗಳು ಮೂರು. ಪುಣ್ಯಕೋಟಿಯನ್ನು ಒಂದು ತಂಡ ಪೂರ್ತಿ ವೇಷ ಕಟ್ಟಿ, ಪರದೆ ಬಿಟ್ಟು, ಹಾಡನ್ನು ಸ್ಪೀಕರಿನಲ್ಲಿ ಹಾಕಿ ಆಡಿತು. ಇನ್ನೊಂದು ತಂಡ ಕಾಗಿ-ಗುಬ್ಬಿ ಕತೆಯನ್ನು ಉತ್ತರ ಕರ್ನಾಟಕದ ಜನಪದ ರಂಗಪ್ರಕಾರವಾದ ಸಣ್ಣಾಟದ ಧಾಟಿಯಲ್ಲಿ ಕಟ್ಟಿತು: ಒಂದು ಹಾರ್ಮೋನಿಯಂ, ತಾಳ, ಹಾಡುವ ನಾಲ್ಕು ಮಂದಿಯ ಮ್ಯಾಳ, ಮೈದಾನದಲ್ಲೇ ಆಟ. ಮೂರನೆಯದು ಹೂವಾಗುವ ಹುಡುಗಿ: ಮೈಮೇಲೆ ಕೊಡದ ನೀರು ಸುರಿದರೆ ಹೂಮರವಾಗಿ, ಮತ್ತೆ ಸುರಿದರೆ ಹುಡುಗಿಯಾಗುವವಳ ಕತೆ. 1950ರ ದಶಕದಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ ಸಂಗ್ರಹಿಸಿ ಹೊರಗಿನ ಲೋಕಕ್ಕೂ ತಿಳಿಸಿದ ಕತೆ ಅದು. ಇದನ್ನು ಆಡಿದ ಹುಡುಗಿಯರು ವೇಷ ಹಾಕಲಿಲ್ಲ. ಮಕ್ಕಳನ್ನು ಸುತ್ತ ಕೂಡಿಸಿ ನಡುವೆ ನಿಂತರು, ಮರವನ್ನು ಮೈಯಿಂದಲೇ ಕಟ್ಟಿದರು.

ಮೊದಲ ದಾರಿ ಎಲ್ಲರಿಗೂ ಗೊತ್ತಿರುವ ಅಂಕಪಟ್ಟಿ. ಅಭಿನಯ, ಸಂಭಾಷಣೆ, ವೇಷಭೂಷಣ, ರಂಗಸಜ್ಜಿಕೆ, ಒಟ್ಟು ಪರಿಣಾಮ. ತಲಾ 10, ಕೂಡಿಸಿ 50. ಮೂವರು ಹಿರಿಯರು ಮುಂದಿನ ಕುರ್ಚಿಯಲ್ಲಿ ಕೂತು ಅಂಕ ಹಾಕಿದರು. ಪುಣ್ಯಕೋಟಿ ಬಹಳ ಮುಂದೆ, ಕಾಗಿ-ಗುಬ್ಬಿ ಕಡೆಗೆ. ಇದರಲ್ಲಿ ಆಶ್ಚರ್ಯವಿಲ್ಲ. ಐದರಲ್ಲಿ ಎರಡು ಕಾಲಂ ಬಟ್ಟೆಗೂ ಪರದೆಗೂ ಮೀಸಲು, ಅವೆರಡನ್ನೂ ಬಿಟ್ಟು ಆಡಿದ ತಂಡ 20 ಅಂಕವನ್ನು ಮೊದಲೇ ಬಿಟ್ಟುಕೊಟ್ಟಂತೆ. ಇನ್ನೊಂದು ಕಾರಣವೂ ಇದೆ. ನಮ್ಮ ಕಡೆಯ ಹಿರಿಯರ ಕಿವಿ ಕಂಪನಿ ನಾಟಕದಲ್ಲಿ ಪಳಗಿದ್ದು. ‘ರಕ್ತರಾತ್ರಿ’ ನಾಟಕ ಬರೆದ ಕಂದಗಲ್ ಹನುಮಂತರಾಯರ ನೆಲ ಇದು. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ತೂಕದ ಮಾತು, ಎತ್ತರದ ದನಿ, ನಿಂತ ಭಂಗಿ ಕಂಡರೆ ಈ ಹಿರಿಯರ ಕೈ ತಾನಾಗಿ ಎಂಟು, ಒಂಬತ್ತು ಬರೆಯುತ್ತದೆ. ಆ ಅಭಿರುಚಿಯ ಬಗ್ಗೆ ನನಗೆ ಗೌರವವಿದೆ. ಆದರೆ ಎರಡನೇ ತರಗತಿಯ ಕೂಸಿಗೆ ಬೇಕಾದದ್ದು ಅದೇನಾ ಎಂಬುದು ಬೇರೆ ಮಾತು.

ಅಂಕಪಟ್ಟಿಯನ್ನು ಅಲ್ಲಿಗೇ ಕೈಬಿಡಲಿಲ್ಲ. ಮುಂದಿನ ಆಟಕ್ಕೆ ಕುರ್ಚಿ ತೆಗೆಸಿ, ನಿರ್ಣಾಯಕರನ್ನು ಮಕ್ಕಳ ಹಿಂದೆ, ಕಡೆಯ ಸಾಲಿನ ಜಮಖಾನೆಯ ಮೇಲೆ ಕೂಡಿಸಿದೆ. ವೇಷಭೂಷಣ, ರಂಗಸಜ್ಜಿಕೆ ಎರಡನ್ನೂ ಒಂದೇ ಕಾಲಂ ಮಾಡಿ, ಉಳಿದ 10 ಅಂಕವನ್ನು ‘ಮಾತು ಕಡೆಯ ಸಾಲಿಗೆ ಕೇಳಿಸಿತೇ’ ಎಂಬುದಕ್ಕೆ ಇಟ್ಟೆ. ಪುಣ್ಯಕೋಟಿಯ ಅಂಕ ಗಣನೀಯವಾಗಿ ಇಳಿಯಿತು. ಸ್ಪೀಕರಿನ ಹಾಡು ಜೋರಾಗಿದ್ದಷ್ಟೂ ಅದರ ಹಿಂದೆ ಬರುವ ಹುಡುಗರ ಮಾತು ಮುಳುಗುತ್ತಿತ್ತು. ಕೂರುವ ಜಾಗ ಬದಲಾದರೆ ಅಂಕ ಬದಲಾಗುತ್ತದೆ ಎಂಬುದನ್ನು ಇನ್ನೂ ನೋಡದವರು ಒಮ್ಮೆ ಮಾಡಿ ನೋಡಬೇಕು. ಖರ್ಚಿಲ್ಲ.

ಎರಡನೆಯದು ಮಕ್ಕಳ ಮತ. ಪ್ರತಿ ಮಗುವಿಗೆ ಒಂದು ಹುಣಸೆಬೀಜ ಕೊಟ್ಟು, ಮೂರು ಡಬ್ಬಿಯಲ್ಲಿ ಇಷ್ಟವಾದದ್ದಕ್ಕೆ ಹಾಕಲು ಹೇಳಿದೆವು. ಅಣ್ಣ ಇರುವ ನಾಟಕಕ್ಕೆ ತಂಗಿಯ ಬೀಜ, ತಂಗಿಯ ಹಿಂದೆ ಗೆಳತಿಯದು, ಹುಲಿ ಇದ್ದಲ್ಲಿ ಗಂಡುಹುಡುಗರದ್ದೆಲ್ಲ. ಮಕ್ಕಳಿಗೆ ಇದು ಖುಷಿಯ ಆಟ, ಆ ಖುಷಿಗಾಗಿ ಇಟ್ಟುಕೊಳ್ಳಬಹುದು. ನಾಟಕದ ಬಗ್ಗೆ ಇದರಿಂದ ತಿಳಿಯುವುದು ಅಲ್ಪ.

ಮೂರನೆಯದನ್ನು ಮಾಡುವವರು ಕಡಿಮೆ, ನನಗೆ ಬಹಳ ಕಲಿಸಿದ್ದು ಇದೇ. ಒಬ್ಬರು ನಾಟಕಕ್ಕೆ ಬೆನ್ನು ಹಾಕಿ, ಮಕ್ಕಳ ಮುಖದ ಕಡೆ ತಿರುಗಿ ಕೂರಬೇಕು. ಕೈಯಲ್ಲಿ ನಾಟಕದ ಪ್ರತಿ. ಯಾವ ಮಾತಿಗೆ ಮಕ್ಕಳು ಮುಂದೆ ಬಾಗಿದರು, ಎಲ್ಲಿ ಪಕ್ಕದವನ ಅಂಗಿ ಎಳೆಯತೊಡಗಿದರು, ಎಲ್ಲಿ ತಾವೇ ಉತ್ತರ ಕೊಟ್ಟರು ಎಂದು ಆ ಸಾಲಿನ ಪಕ್ಕದಲ್ಲೇ ಗುರುತು ಹಾಕುತ್ತ ಹೋಗಬೇಕು. ಕಾಗಿ-ಗುಬ್ಬಿಯ ಪ್ರತಿಯಲ್ಲಿ ಗುರುತುಗಳೆಲ್ಲ ಬಾಗಿಲು ಬಡಿಯುವ ಜಾಗದಲ್ಲಿ ಗುಂಪುಗೂಡಿದ್ದವು. ಮಳೆಗೆ ಸೆಗಣಿ ಮನೆ ಕರಗಿ ಹೋದ ಕಾಗಿ ಬಂದು ‘ಗುಬ್ಬಕ್ಕ, ಗುಬ್ಬಕ್ಕ, ಬಾಗಲಾ ತಗಿ’ ಅನ್ನುತ್ತದೆ. ಕಲ್ಲಿನ ಮನೆಯೊಳಗಿಂದ ಗುಬ್ಬಿ ‘ತಡಿ, ಕೂಸಿಗೆ ಎಣ್ಣಿ ಹಚ್ಚಾಕತ್ತೇನಿ’ ಅನ್ನುತ್ತದೆ. ಮತ್ತೆ ಬಡಿತ, ‘ತಡಿ, ಕೂಸಿಗೆ ಎರಿಯಾಕತ್ತೇನಿ’. ಮೂರನೇ ಬಡಿತಕ್ಕೆ ಮ್ಯಾಳ ಬಾಯಿ ತೆರೆಯುವ ಮೊದಲೇ ಮಕ್ಕಳೆಲ್ಲ ‘ತಡಿ!’ ಎಂದು ಕೂಗಿದರು. ಮುಂದಿನ ಸಾಲಿನ ಒಬ್ಬ ಹುಡುಗ ಎದ್ದುನಿಂತು, ಕಾಗಿ ಆಡುತ್ತಿದ್ದವಳ ಜೊತೆಗೆ ತಾನೂ ಗಾಳಿಯಲ್ಲಿ ಬಾಗಿಲು ಬಡಿಯುತ್ತಿದ್ದ. ಅಂಕಪಟ್ಟಿ ಈ ನಾಟಕವನ್ನೇ ಕಡೆಗೆ ಹಾಕಿತ್ತು.

ಪುಣ್ಯಕೋಟಿಯಲ್ಲಿ ಹುಲಿ ಬಂದಾಗ ಮೈದಾನವೆಲ್ಲ ಎಚ್ಚರ. ಆಕಳು ಕರುವಿಗೆ ಹಾಲುಣಿಸುವ ದೃಶ್ಯದಲ್ಲಿ ಉದ್ದನೆಯ ಹಾಡು, ನಟರು ಸುಮ್ಮನೆ ನಿಂತಿದ್ದಾರೆ, ಅಲ್ಲಿಂದ ಮಕ್ಕಳು ಜಾರಿದರು. ‘ಮೂರನೇ ದೃಶ್ಯದಲ್ಲಿ ಮಕ್ಕಳ ಗಮನ ಹೋಯಿತು’ ಎಂದು ಆಡಿದವರಿಗೆ ಬರೀ ಮಾತಿನಲ್ಲಿ ಹೇಳಿದರೆ ಮುಖ ಸಪ್ಪಗಾಗುತ್ತದೆ. ಗುರುತು ಹಾಕಿದ ಪ್ರತಿಯನ್ನೇ ಕೈಗಿಟ್ಟರೆ ಅವರೇ ಸಾಲು ಹುಡುಕಿ, ಅವರೇ ಕತ್ತರಿಸುತ್ತಾರೆ. ಒಂದು ಕೊರತೆ ಮಾತ್ರ ಇದೆ. ಸುಮ್ಮನೆ ಕೂತ ಮಗು ಬೇಸತ್ತು ಕೂತಿದೆಯೋ, ಒಳಗೇ ಮುಳುಗಿದೆಯೋ, ಮುಖ ನೋಡಿ ಯಾವಾಗಲೂ ಹೇಳಲಾಗದು. ಹೂವಾಗುವ ಹುಡುಗಿಯ ಆಟದಲ್ಲಿ ಮಕ್ಕಳು ಹಾಗೆ ಕೂತಿದ್ದರು.

ಅದಕ್ಕೇ ನಾಲ್ಕನೆಯದು: ಮರುದಿನ ನಾಟಕ ನೋಡಿದ ಮಕ್ಕಳ ಶಾಲೆಗೆ ಹೋಗಿ ಅವರಿಂದ ಕತೆ ಹೇಳಿಸುವುದು, ಚಿತ್ರ ಬರೆಸುವುದು. ಚಿಕ್ಕ ತರಗತಿಗಳು ಚಟುವಟಿಕೆಯ ಮೂಲಕ ಕಲಿಯುವ ನಲಿ-ಕಲಿ ಕೋಣೆಯ ಶಿಕ್ಷಕರು ಒಂದು ಪೀರಿಯಡ್ ಕೊಟ್ಟರೆ ಸಾಕು. ‘ನಾಟಕ ಚಂದ ಇತ್ತಾ?’ ಎಂದು ಮಾತ್ರ ಕೇಳಬಾರದು. ‘ಹೂನ್ರೀ’ ಎಂದು ಇಡೀ ಕೋಣೆ ಒಂದೇ ದನಿಯಲ್ಲಿ ಹೇಳುತ್ತದೆ, ಅಲ್ಲಿಗೆ ಮುಗಿಯಿತು. ‘ನಿನ್ನೆ ಬರದ ಗೆಳ್ಯಾಗ ಕತಿ ಹೇಳು’ ಅನ್ನಬೇಕು.

ಪುಣ್ಯಕೋಟಿ ನೋಡಿದ ಮಕ್ಕಳಲ್ಲಿ ಹಲವರು ಕಡೆಯಲ್ಲಿ ಹೇಳಿದ್ದು ಇದು: ‘ಆಕಳಾ ತಿರಗಿ ಬಂತ್ರಿ, ಹುಲಿ ಮನಿಗೆ ಹೋತ್ರಿ.’ ಹುಲಿ ಪ್ರಾಣ ಬಿಟ್ಟದ್ದು ಅವರಿಗೆ ಮುಟ್ಟಿರಲೇ ಇಲ್ಲ. ಹುಲಿ ಪರದೆಯ ಹಿಂದಕ್ಕೆ ಜಿಗಿದಿತ್ತು, ಅದು ಸತ್ತ ವಿಷಯ ಹಾಡಿನ ಹಳೆಯ ನುಡಿಯಲ್ಲಿ ಮಾತ್ರ ಇತ್ತು. ಆಕಳು ಕೊಟ್ಟ ಮಾತಿಗೆ ತಪ್ಪದೆ ಬಂದದ್ದು ಹುಲಿಯ ಮನಸ್ಸನ್ನು ಹೇಗೆ ಮುರಿಯಿತು ಎಂಬುದೇ ಕತೆಯ ಜೀವ, ಅದೇ ಕಾಣದೆ ಹೋಗಿತ್ತು. ಗರಿಷ್ಠ ಅಂಕ ಪಡೆದ ನಾಟಕದ ಸ್ಥಿತಿ ಇದು. ತಂಡದವರು ಹುಲಿಯನ್ನು ಪರದೆಯ ಮುಂದಕ್ಕೆ ತಂದರು, ಆಡುಮಾತಿನಲ್ಲಿ ಎರಡು ಮಾತು ಕೊಟ್ಟರು, ಎಲ್ಲರಿಗೂ ಕಾಣುವಂತೆ ಬೆಂಚಿನ ಮೇಲಿಂದ ಜಿಗಿಸಿದರು. ಮುಂದಿನ ಶಾಲೆಯ ಮಕ್ಕಳು ಕತೆಯನ್ನು ಕಡೆಯವರೆಗೂ ಸರಿಯಾಗಿ ಹೇಳಿದರು.

ಕಾಗಿ-ಗುಬ್ಬಿಯನ್ನು ಮಕ್ಕಳು ಬರೀ ಹೇಳಲಿಲ್ಲ, ಬೆಳೆಸಿದರು. ‘ತಡಿ, ಕೂಸಿಗೆ ಮೊಬೈಲ್ ಹಚ್ಚಿ ಕೊಡಾಕತ್ತೇನಿ’ ಎಂದು ಒಂದನೇ ತರಗತಿಯವಳು ತಾನೇ ಒಂದು ಸಾಲು ಸೇರಿಸಿದಳು. ಕತೆಯ ಕಟ್ಟು ಒಳಗೆ ಇಳಿಯದೆ ಹೊಸ ಸಾಲು ಹುಟ್ಟುವುದಿಲ್ಲ. ಇದಕ್ಕಿಂತ ದೊಡ್ಡ ಅಂಕ ಒಂದು ನಾಟಕಕ್ಕೆ ಇರಲಾರದು. ಆ ಸಾಲು ಈಗ ನಮ್ಮ ಪ್ರತಿಯಲ್ಲೇ ಇದೆ.

ಹೂವಾಗುವ ಹುಡುಗಿಯ ವಿಷಯದಲ್ಲಿ ನನಗೆ ಅಳುಕಿತ್ತು. ನಾದಿನಿ ಟೊಂಗೆ ಮುರಿದು ಹೋದ ಮೇಲೆ ಆ ಹುಡುಗಿ ಕೈಕಾಲಿಲ್ಲದವಳಾಗಿ ಉಳಿಯುತ್ತಾಳೆ. ಇಷ್ಟು ಚಿಕ್ಕವರಿಗೆ ಇದು ಭಾರವಾಗಬಹುದೆಂದು ಒಬ್ಬ ನಿರ್ಣಾಯಕರು ಅಂಕವನ್ನೂ ಕಡಿಮೆ ಮಾಡಿದ್ದರು. ಮರುದಿನದ ಚಿತ್ರಗಳಲ್ಲಿ ಕಂಡದ್ದು ಬೇರೆ. ಲಂಬಾಣಿ ತಾಂಡಾದಿಂದ ಬರುವ ಒಬ್ಬ ಹುಡುಗಿ ಕೋಣೆಯಲ್ಲಿ ಕನ್ನಡ ಮಾತಾಡುವುದು ಕಡಿಮೆ. ಅವಳು ಮರ ಬಿಡಿಸಿದ್ದಳು. ಮುರಿದ ಟೊಂಗೆಗಳು ನೆಲದ ಮೇಲೆ, ಒಂದೊಂದು ಟೊಂಗೆಗೂ ಹಸಿರು ಕ್ರೇಯಾನಿನಲ್ಲಿ ಬಳೆ. ಮರದ ಪಕ್ಕದಲ್ಲಿ ನೀರು ತುಂಬಿದ ಕೊಡ, ಮರಕ್ಕಿಂತ ದೊಡ್ಡದು. ಟೊಂಗೆ ಅಂದರೆ ಆ ಅಕ್ಕನ ಕೈ ಎಂಬುದೂ, ಕಡೆಗೆ ನೀರು ಸುರಿದು ಅವಳನ್ನು ಮರಳಿ ತಂದರು ಎಂಬುದೂ ಅವಳಿಗೆ ಪೂರ್ತಿ ತಲುಪಿತ್ತು. ಹೆಚ್ಚಿನ ಚಿತ್ರಗಳಲ್ಲಿ ಆ ಕೊಡ ಇತ್ತು. ಕೊಡ ಕಾಣದೆ ಮುರಿದ ಮರ ಮಾತ್ರ ಇದ್ದಿದ್ದರೆ ಆ ನಾಟಕವನ್ನು ನಾಲ್ಕನೇ ತರಗತಿಗಿಂತ ಕೆಳಗಿನವರಿಗೆ ನಿಲ್ಲಿಸುತ್ತಿದ್ದೆ.

ಕತೆ ಹೇಳಿಸುವಾಗ ಒಂದು ಎಚ್ಚರ ಬೇಕು. ಪುಣ್ಯಕೋಟಿಯಂಥದ್ದನ್ನು ಮಕ್ಕಳು ಮನೆಯಲ್ಲೇ ಕೇಳಿರುತ್ತಾರೆ, ಅಜ್ಜಿ ಹೇಳಿದ್ದನ್ನೇ ನಾಟಕದ್ದೆಂದು ಹೇಳಿಬಿಡಬಹುದು. ‘ಹುಲಿ ಎಲ್ಲಿ ನಿಂತಿತ್ತು, ಕರಾ ಯಾರ ಆಗಿದ್ರು’ ಎಂದು ಆಟದಲ್ಲಿ ಮಾತ್ರ ಇದ್ದದ್ದನ್ನು ನಡುನಡುವೆ ಕೇಳಿದರೆ ಬೇರೆ ಮಾಡಬಹುದು.

ಬಹುಮಾನ ಕೊಡಲೇಬೇಕಾದ ದಿನ ನಾನು ಬಳಸುವುದು ಅಂಕಪಟ್ಟಿಯನ್ನೇ, ಆದರೆ ಜಮಖಾನೆಯ ಮೇಲೆ ಕೂತು ಹಾಕಿದ ತಿದ್ದಿದ ಪಟ್ಟಿ. ಶಾಲಾ ಮಕ್ಕಳ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯಂಥ ವೇದಿಕೆಗೆ ಮಕ್ಕಳನ್ನು ತಯಾರು ಮಾಡುವಾಗಲೂ ಅದು ಬೇಕು, ದನಿ, ನಿಲುವುಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ನಾಟಕ ತಿದ್ದಲು ಮಕ್ಕಳ ಮುಖ ನೋಡುವವರೊಬ್ಬರು ಸಾಕು. ಇವುಗಳಲ್ಲಿ ಒಂದನ್ನೇ ಇಟ್ಟುಕೋ ಎಂದರೆ ಮರುದಿನದ ಪೀರಿಯಡ್ಡನ್ನು ಇಟ್ಟುಕೊಳ್ಳುತ್ತೇನೆ. ಈ ವರ್ಷ ಆಡಿದ ಮಕ್ಕಳನ್ನೇ ಇಬ್ಬಿಬ್ಬರಂತೆ ಆ ಪೀರಿಯಡ್ಡಿಗೆ ಕಳಿಸುವ ಏರ್ಪಾಡು ಮಾಡುತ್ತಿದ್ದೇವೆ. ಕತೆ ಹೇಳಿಸುವವರು ಅವರೇ, ಬರೆದುಕೊಳ್ಳುವವರೂ ಅವರೇ. ಹುಲಿಯಾಗಿದ್ದವನು ವೇಷವಿಲ್ಲದೆ ಹೋಗಬೇಕು ಎಂಬುದೊಂದೇ ನಿಯಮ, ಇಲ್ಲದಿದ್ದರೆ ಚಿಕ್ಕವರು ಕತೆ ಬಿಟ್ಟು ಬಾಲ ಹಿಡಿಯುತ್ತಾರೆ.